ಪ್ರಶ್ನಾವಳಿಯ ಕನ್ನಡ: ಮಲೆನಾಡಿನ ಮಧುಮೇಹ ಅಧ್ಯಯನದಲ್ಲಿ ನನ್ನ ಅನುಭವ

ತೀರ್ಥಹಳ್ಳಿ ಮತ್ತು ಹೊಸನಗರದ ಕಡೆಯ ಹಳ್ಳಿಗಳಲ್ಲಿ ಮಧುಮೇಹ, ಬೊಜ್ಜು ಮತ್ತು ಅವೆರಡರಿಂದ ಹೃದಯಕ್ಕಾಗುವ ತೊಂದರೆಗಳನ್ನು ಕುರಿತು ಅಧ್ಯಯನ ಆರಂಭಿಸಿದಾಗ, ರಕ್ತ ಪರೀಕ್ಷೆಯ ಬೆಳಿಗ್ಗೆ ಉಪವಾಸವಿದ್ದು ಬರತಕ್ಕದ್ದು ಎಂದು ಚೀಟಿಗಳಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ್ದೆವು. ನಿಯಮದಂತೆ ಇಂಗ್ಲಿಷ್ ಮೂಲವನ್ನು ಒಬ್ಬರು ಕನ್ನಡಕ್ಕೆ ತಂದಿದ್ದರು. ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದ್ದರು. ಎರಡೂ ಇಂಗ್ಲಿಷ್ ಪ್ರತಿಗಳು ಅಕ್ಷರಶಃ ಹೊಂದಿಕೆಯಾಗಿ, ನೈತಿಕ ಸಮಿತಿಯ ಒಪ್ಪಿಗೆಯೂ ದೊರೆತಿತ್ತು.

ಮೊದಲ ಶಿಬಿರದಲ್ಲಿ ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನರ ಸಕ್ಕರೆ ಅಂಶ ಮಿತಿ ಮೀರಿತ್ತು. ಅದನ್ನು ಕಂಡು ಒಂದು ವಾರ ನಾನು ಗಾಬರಿಗಿಂತ ಉತ್ಸಾಹದಲ್ಲಿಯೇ ಇದ್ದೆನೆಂದು ಒಪ್ಪಿಕೊಳ್ಳಬೇಕು. ಎರಡನೆಯ ಶಿಬಿರದಲ್ಲಿ ನಮ್ಮ ಶುಶ್ರೂಷಕಿ ಒಬ್ಬ ಹಿರಿಯ ಮಹಿಳೆಯ ತೋಳಿಗೆ ಪಟ್ಟಿ ಕಟ್ಟುತ್ತಾ, "ಬೆಳಿಗ್ಗೆ ಏನಾದ್ರೂ ತಗೊಂಡಿದೀರಾ ಅಮ್ಮಾ?" ಎಂದು ಮಾತಿಗೆ ಕೇಳಿದಳು. "ಉಪವಾಸ ಅಂತ ಬರೆದಿದ್ರಲ್ಲ ಸಿಸ್ಟರ್, ಅನ್ನ ಮುಟ್ಟಿಲ್ಲ. ಒಂದು ಹಿಡಿ ಅವಲಕ್ಕಿ, ಒಂದು ಲೋಟ ಹಾಲು ಅಷ್ಟೇ" ಎಂದು ಆಕೆ ಪ್ರಾಮಾಣಿಕವಾಗಿ ಉತ್ತರಿಸಿದರು.

ಶುಶ್ರೂಷಕಿ ನನ್ನ ಮುಖ ನೋಡಿದಳು. ತಪ್ಪು ಆ ತಾಯಿಯದಾಗಿರಲಿಲ್ಲ. ಏಕಾದಶಿಗೋ ಸಂಕಷ್ಟಿಗೋ ಉಪವಾಸ ಹಿಡಿದವರು ಅನ್ನ ಬಿಡುತ್ತಾರೆಯೇ ಹೊರತು ಫಲಾಹಾರವನ್ನಲ್ಲ. ನನ್ನ ತಾಯಿಯೇ ಏಕಾದಶಿಯಂದು ಎರಡು ಸಲ ಕಾಫಿ ಕುಡಿಯುತ್ತಿದ್ದರು; ಅದನ್ನು ನೋಡುತ್ತಲೇ ಬೆಳೆದ ನನಗೆ ಚೀಟಿಯ ಕರಡನ್ನು ಓದುವಾಗ ಅದು ಹೊಳೆಯಲಿಲ್ಲ. ಇಂಗ್ಲಿಷಿಗೆ ತಿರುಗಿಸಿದವರಿಗೂ ಹೊಳೆಯಲಿಲ್ಲ, ಏಕೆಂದರೆ ಅವರೂ ನನ್ನಂತೆಯೇ ಆ ಪದವನ್ನು ಪ್ರಯೋಗಾಲಯದ ಅರ್ಥದಲ್ಲಿಯೇ ಓದಿದ್ದರು. ಕನಿಷ್ಠ 8 ಗಂಟೆ ಏನನ್ನೂ ಸೇವಿಸದೆ ತೆಗೆದ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸುತ್ತೇವೆ. ಅವಲಕ್ಕಿ, ಹಾಲು ಹೊಟ್ಟೆಗೆ ಬಿದ್ದ ಮೇಲೆ ಆ ಅಂಕಿಗೆ ಅರ್ಥವೇ ಇಲ್ಲ. ಮೊದಲ ಶಿಬಿರದ ಅಷ್ಟೂ ಫಲಿತಾಂಶಗಳನ್ನು ಕೈಬಿಟ್ಟು, ಅದೇ ಮನೆಗಳಿಗೆ ಮತ್ತೆ ಹೋಗಿ ಕ್ಷಮೆ ಕೇಳಿ ಇನ್ನೊಮ್ಮೆ ಬರುವಂತೆ ವಿನಂತಿಸಬೇಕಾಯಿತು.

ಆಮೇಲೆ 'ಖಾಲಿ ಹೊಟ್ಟೆ' ಎಂದು ಬರೆದೆವು. ಹೊಟ್ಟೆ ಖಾಲಿಯೇ ಇದೆ, ಬರೀ ಕಾಫಿ ಕುಡಿದಿದ್ದೇವೆ ಎಂದರು. ಸಕ್ಕರೆ ಹಾಕಿದ್ದೀರಾ ಎಂದರೆ, ಇಲ್ಲ, ಬೆಲ್ಲ ಎಂದರು. ಕೊನೆಗೆ ಉಳಿದ ವಾಕ್ಯ ಹೀಗಿದೆ: "ರಾತ್ರಿ ಊಟವಾದ ಮೇಲೆ ನೀರು ಮಾತ್ರ. ಕಾಫಿ, ಚಹಾ, ಕಷಾಯ, ಹಾಲು, ಹಣ್ಣು, ಕವಳ ಯಾವುದೂ ಬೇಡ." ಕವಳವನ್ನು, ಎಂದರೆ ಎಲೆಅಡಿಕೆಯನ್ನು, ಸೇರಿಸಿದ್ದಕ್ಕೂ ಕಾರಣವಿದೆ. ಅಡಿಕೆ ಜಗಿಯುವ ಅಭ್ಯಾಸವಿದೆಯೇ ಎಂಬ ಪ್ರಶ್ನೆಗೆ ತುಟಿ ಕೆಂಪಗಿದ್ದ ಒಬ್ಬ ಯಜಮಾನರು ಇಲ್ಲವೆಂದೇ ಬರೆಸಿದ್ದರು. ಅಡಿಕೆ ಅವರಿಗೆ ಬೆಳೆ. ಬಾಯಿಗೆ ಹಾಕಿಕೊಳ್ಳುವುದು ಕವಳ. ಅಡಿಕೆ ಜಗಿಯುವವರಲ್ಲಿ ಮಧುಮೇಹ ಮತ್ತು ಹೊಟ್ಟೆಯ ಬೊಜ್ಜು ಹೆಚ್ಚೆಂದು ತೈವಾನಿನ ಅಧ್ಯಯನಗಳು ಹೇಳಿರುವಾಗ, ಅಡಿಕೆಯ ಸೀಮೆಯಲ್ಲಿಯೇ ಆ ಕಲಂ ಸುಳ್ಳಾಗಿ ತುಂಬಿದರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಬೊಜ್ಜಿನ ವಿಷಯದಲ್ಲಿ ಇನ್ನೂ ಹೆಚ್ಚು ಎಡವಿದೆವು. 'ಸ್ಥೂಲಕಾಯ' ಯಾರಿಗೂ ಅರ್ಥವಾಗುತ್ತಿರಲಿಲ್ಲ. 'ಬೊಜ್ಜು' ಎಂದರೆ ಮುಖ ಸಣ್ಣದಾಗುತ್ತಿತ್ತು. ನಮ್ಮಲ್ಲಿ ತೆಳ್ಳಗಾದವರನ್ನು ಯಾಕೆ ಬಡವಾಗಿದ್ದೀಯ ಎಂದು ಕೇಳುತ್ತಾರೆ, ದಪ್ಪಗಾದವರನ್ನು ಮೈ ತುಂಬಿಕೊಂಡಿದೆ ಎಂದು ಮೆಚ್ಚುತ್ತಾರೆ. ಹೀಗಿರುವಲ್ಲಿ ತೂಕ ಇಳಿಸುವ ಇಚ್ಛೆಯಿದೆಯೇ ಎಂಬ ಪ್ರಶ್ನೆ, ಬಡವರಾಗುವ ಇಚ್ಛೆಯಿದೆಯೇ ಎಂದಂತೆ ಕೇಳಿಸುತ್ತದೆ. ಆ ಪ್ರಶ್ನೆಯನ್ನೇ ಬಿಟ್ಟು ಸೊಂಟ ಅಳೆಯುವ ಟೇಪನ್ನು ನಂಬಿದೆವು.

ಟೇಪನ್ನು ನಂಬಲು ವೈಜ್ಞಾನಿಕ ಕಾರಣವೂ ಇತ್ತು. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ತಮ್ಮದೇ ದೇಹದ ಲೆಕ್ಕವನ್ನು ಪ್ರಕಟಿಸಿದರು: ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಕೂಡ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2. ತಕ್ಕಡಿಗೆ ಕಾಣದ ಈ ಕೊಬ್ಬಿನ ಕಾರಣದಿಂದಲೇ ನಮ್ಮಲ್ಲಿ ಬೊಜ್ಜಿನ ಮಿತಿಯನ್ನು ಬಿಎಂಐ 25ಕ್ಕೂ, ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿಗೂ ಇಳಿಸಲಾಗಿದೆ. ಮಧುಮೇಹವಿಲ್ಲದ ಹೃದ್ರೋಗಿಗಳಲ್ಲಿ ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯಸಂಬಂಧಿ ಸಾವನ್ನು ಒಟ್ಟಾರೆ ಶೇ 20ರಷ್ಟು ತಗ್ಗಿಸಿತೆಂದು 2023ರಲ್ಲಿ ತೋರಿಸಿದ ಸೆಲೆಕ್ಟ್ ಪ್ರಯೋಗಕ್ಕೆ ಸೇರಲು ಬಿಎಂಐ ಕನಿಷ್ಠ 27 ಇರಬೇಕಿತ್ತು. ನಾನು ಹಳ್ಳಿಗಳಲ್ಲಿ ಕಾಣುವ, ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಹೃದ್ರೋಗಿಗಳಲ್ಲಿ ಹಲವರು ಅದರ ಬಾಗಿಲನ್ನೂ ದಾಟುತ್ತಿರಲಿಲ್ಲ. ಅವರ ವಿಷಯದಲ್ಲಿ ಆ ಶೇ 20ನ್ನು ಹಾಗೆಯೇ ಎತ್ತಿ ಹೇಳಲು ನನಗೆ ಧೈರ್ಯವಿಲ್ಲ.

ಕೊನೆಯ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವಿನ ಬಿಂದುವಿನಲ್ಲಿ, ಉಸಿರು ಸಹಜವಾಗಿ ಹೊರಬಿಟ್ಟಾಗ ಟೇಪು ಹಿಡಿಯಬೇಕು. ಸೀರೆಯ ನೆರಿಗೆ ಸಿಕ್ಕಿಸುವುದೂ, ಒಳಲಂಗದ ಲಾಡಿಯ ಗಂಟು ಬೀಳುವುದೂ ಹೆಚ್ಚುಕಡಿಮೆ ಅಲ್ಲಿಯೇ. ಬಟ್ಟೆಯ ಮೇಲೆ ಅಳೆದು ಎರಡು ಸೆಂಟಿಮೀಟರ್ ಕಳೆಯೋಣವೆಂಬ ಸಲಹೆ ತಂಡದಲ್ಲಿಯೇ ಬಂದಿತ್ತು. ಮಿತಿಯ ಆಚೀಚೆ ಇರುವವರೆಲ್ಲ ಆ ಎರಡು ಸೆಂಟಿಮೀಟರಿನಲ್ಲಿಯೇ ಇರುತ್ತಾರಾದ್ದರಿಂದ ನಾನು ಒಪ್ಪಲಿಲ್ಲ. ಶಾಲೆಯ ಕೋಣೆಯೊಂದಕ್ಕೆ ಪರದೆ ಕಟ್ಟಿ, ಒಳಗೆ ಮಹಿಳೆಯರೇ ಇದ್ದು, ಲಾಡಿ ಸಡಿಲಿಸಿ ಎರಡು ಸಲ ಅಳೆಯುವ ಕ್ರಮ ಬಂದ ಮೇಲೆ ಅಳತೆಗಳು ಒಂದಕ್ಕೊಂದು ಹೊಂದತೊಡಗಿದವು.

ರಕ್ತ ಕೊಡಲು ಜನ ಹಿಂಜರಿಯಬಹುದೆಂದು ಎಣಿಸಿದ್ದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಈ ಜಿಲ್ಲೆಯ ಕಾಡಂಚಿನವರಿಗೆ ಸೂಜಿ ಹೊಸದಲ್ಲ. ಅವರ ಆಕ್ಷೇಪ ಬೇರೆಯೇ ಇತ್ತು: ರಕ್ತ ತೆಗೆದುಕೊಂಡು ಹೋದವರು ಏನಾಯಿತೆಂದು ತಿರುಗಿ ಹೇಳುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರ ವರದಿಯನ್ನೂ ಕನ್ನಡದಲ್ಲಿ ಮನೆಗೆ ತಲುಪಿಸುವುದನ್ನು ಒಪ್ಪಿಗೆ ಪತ್ರದಲ್ಲಿಯೇ ಬರೆದೆವು.

ಆ ಪತ್ರದಲ್ಲಿ ಇನ್ನೊಂದು ಕಡೆ 'ಹೃದಯ ವೈಫಲ್ಯ' ಎಂದಿತ್ತು. ಓದು ಬಾರದವರಿಗೆ ಸಾಕ್ಷಿಯ ಎದುರಿನಲ್ಲಿ ಪತ್ರವನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಹಾಗೆ ಓದುವಾಗ ಒಬ್ಬರು ವಿವರಿಸಲು ಹೋಗಿ 'ಹಾರ್ಟ್ ಫೇಲ್' ಎಂದುಬಿಟ್ಟರು. ನಮ್ಮ ಕಡೆ ಹಾರ್ಟ್ ಫೇಲ್ ಆಯಿತೆಂದರೆ ಮನುಷ್ಯ ತೀರಿಕೊಂಡನೆಂದೇ ಅರ್ಥ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡಿದ್ದವರು ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ಹೋದರು. ಆದರೆ ಆ ತೊಂದರೆಯನ್ನು ಕೇಳದೆ ಬಿಡುವಂತಿಲ್ಲ; ಮಧುಮೇಹಕ್ಕೆ ಕೊಡುವ ಎಂಪಾಗ್ಲಿಫ್ಲೊಜಿನ್ ಮಾತ್ರೆ ಅದಕ್ಕಾಗಿ ಆಸ್ಪತ್ರೆ ಸೇರುವುದನ್ನು ಶೇ 35ರಷ್ಟು ಕಡಿಮೆ ಮಾಡಿತೆಂದು 2015ರಲ್ಲಿ ತಿಳಿದ ಮೇಲೆ, ಮಧುಮೇಹಿಗಳಲ್ಲಿ ಅದನ್ನು ಬೇಗ ಗುರುತಿಸುವುದಕ್ಕೆ ಬೆಲೆ ಬಂದಿದೆ. ಈಗ 'ಹೃದಯಕ್ಕೆ ಶಕ್ತಿ ಕುಂದಿ ಏದುಸಿರು ಬರುವುದು, ಕಾಲಿನಲ್ಲಿ ನೀರು ತುಂಬುವುದು' ಎಂದು ಬರೆದಿದ್ದೇವೆ. ಅಂಗಾತ ಮಲಗಿದರೆ ಆ ಏದುಸಿರು ಹೆಚ್ಚುವುದರಿಂದ, ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ ಎಂದು ಕೇಳುತ್ತೇವೆ.

ಎದೆನೋವಿಗೆ ನಾವು ಬಳಸಿದ್ದು ಬ್ರಿಟನ್ನಿನ ಜೆಫ್ರಿ ರೋಸ್ 1962ರಲ್ಲಿ ರೂಪಿಸಿದ ಪ್ರಶ್ನಾವಳಿ. ಏರು ಹತ್ತುವಾಗ ನೋವು ಬರುತ್ತದೆಯೇ, ಸಮತಟ್ಟಾದ ನೆಲದಲ್ಲಿ ಸಾಮಾನ್ಯ ವೇಗದಲ್ಲಿ ನಡೆಯುವಾಗ ಬರುತ್ತದೆಯೇ ಎಂದು ಅದು ಬೇರೆಬೇರೆಯಾಗಿ ಕೇಳುತ್ತದೆ. ಮನೆಯ ಮುಂದೆ ಏರು, ಹಿಂದೆ ತೋಟಕ್ಕೆ ಇಳಿಜಾರು ಇರುವವರು ಎರಡನೆಯ ಪ್ರಶ್ನೆಗೆ ನಗುತ್ತಿದ್ದರು. ಅದಕ್ಕಿಂತ ದೊಡ್ಡ ತೊಡಕು ನೋವು ಎಂಬ ಪದದ್ದೇ ಆಗಿತ್ತು. ಬಹುಕಾಲದ ಮಧುಮೇಹದಲ್ಲಿ ನರಗಳು ಕೆಟ್ಟು, ಹೃದಯಕ್ಕೆ ರಕ್ತ ಸಾಲದಿದ್ದರೂ ನೋವು ಕಾಣಿಸದೆ ಹೋಗಬಹುದು.

ಒಬ್ಬ ತಾಯಿ ಎಲ್ಲ ಪ್ರಶ್ನೆಗಳಿಗೂ ಇಲ್ಲವೆಂದರು. ಕಾಗದ ಮಡಿಚುವ ಹೊತ್ತಿಗೆ, ತೋಟ ಎಷ್ಟು ದೂರವೆಂದು ಸುಮ್ಮನೆ ಕೇಳಿದೆ. "ದೂರ ಏನಿಲ್ಲ ಡಾಕ್ಟ್ರೇ. ಮೊದಲು ಬರುವಾಗ ಹಲಸಿನ ಮರದ ಹತ್ರ ಒಂದು ಸಲ ಕೂರ್ತಿದ್ದೆ. ಈಗ ಮೂರು ಕಡೆ ಕೂರ್ತೀನಿ" ಎಂದರು. ಇಸಿಜಿ ಮಾಡಿದಾಗ ಹೃದಯದ ಕೆಳಭಾಗಕ್ಕೆ ಹಿಂದೆಂದೋ ಆಘಾತವಾಗಿದ್ದ ಗುರುತುಗಳಿದ್ದವು. ಆಕೆಯನ್ನು ಅಂದೇ ಶಿವಮೊಗ್ಗಕ್ಕೆ ಕಳುಹಿಸಿದೆವು.

ತೋಟದಿಂದ ಮನೆಗೆ ಬರುವಾಗ ಎಷ್ಟು ಕಡೆ ಕೂರುತ್ತೀರಿ, ಹೋದ ವರ್ಷ ಎಷ್ಟು ಕಡೆ ಕೂರುತ್ತಿದ್ದಿರಿ ಎಂಬ ಎರಡು ಪ್ರಶ್ನೆಗಳನ್ನು ಸಮಿತಿಯ ಒಪ್ಪಿಗೆ ಪಡೆದು ನಮೂನೆಗೆ ಸೇರಿಸಿದ್ದೇವೆ. ರೋಸ್ ಪ್ರಶ್ನಾವಳಿಯ ಲೆಕ್ಕಕ್ಕೆ ಅವು ಸೇರುವುದಿಲ್ಲ. ಕೂರುವ ಜಾಗ ಹೆಚ್ಚಾಗಿದೆ ಎಂದವರ ಇಸಿಜಿಯನ್ನು ಮಾತ್ರ ಮೊದಲು ಮಾಡುತ್ತೇವೆ.