ಮಳೆ ನೋಡಿ ಹಾಕಿದ ಕ್ಯಾಲೆಂಡರು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಲೈಬ್ರರಿ ಇದೆ. ಒಂದು ಕೋಣೆ, ಒಂದು ಜಗಲಿ, ಏಳು ಕಪಾಟು. ಸಂಜೆ ನಾಲ್ಕಕ್ಕೆ ನಾನು ಬಾಗಿಲು ತೆಗೆಯುತ್ತೇನೆ. ಲೈಬ್ರೇರಿಯನ್ ಆಗಿ ಒಂಬತ್ತು ವರ್ಷ ಆಯಿತು.

ಶುರುವಿನಲ್ಲಿ ಕಾರ್ಯಕ್ರಮ ಅಂದ್ರೆ ವೇದಿಕೆ ಅಂತಲೇ ತಿಳಿದಿದ್ದೆ. ಕೇರಳದಲ್ಲಿ ಜೂನ್ 19 ವಾಚನ ದಿನ. ಪಿ. ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನ ಅದು. 1945ರಲ್ಲಿ 47 ಲೈಬ್ರರಿಗಳನ್ನು ಒಟ್ಟು ಸೇರಿಸಿ ಸಂಘ ಕಟ್ಟಿದವರು, ಊರೂರು ಸುತ್ತಿ ‘ಓದಿ ಬೆಳೆಯಿರಿ’ ಎಂದವರು. ಅಂಥವರ ನೆನಪಿನ ದಿನ ನಾನು ಮಾಡಿದ್ದು ಒಂದು ದೀಪ, ಮೂರು ಹಾರ, ಐದು ಭಾಷಣ. ಮಕ್ಕಳು ಎರಡು ಗಂಟೆ ಕೈಕಟ್ಟಿ ಕೂತರು. ಸಂಜೆ ರಿಜಿಸ್ಟರ್ ತೆಗೆದು ನೋಡಿದರೆ ಆ ದಿನದ ಪುಟ ಖಾಲಿ. ಒಬ್ಬರೂ ಒಂದು ಪುಸ್ತಕ ಮನೆಗೆ ಒಯ್ದಿರಲಿಲ್ಲ. ಆ ಖಾಲಿ ಪುಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮರುವರ್ಷ ಭಾಷಣ ಕಡಿಮೆ ಮಾಡಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟೆ. ವಾರವಿಡೀ ಸುರಿದ ಮಳೆ ಅವತ್ತೇ ನಿಂತಿತು. ಒಳ್ಳೆ ಬಿಸಿಲು. ಜನವೇ ಇಲ್ಲ! ಅಡಿಕೆ ತೋಟದ ಊರಿನಲ್ಲಿ ಮಳೆಗಾಲದ ಬಿಸಿಲು ಎಂದರೆ ಏನು ಅಂತ ನಾನು ಯೋಚಿಸಿರಲಿಲ್ಲ. ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು ಸಿಂಪಡಿಸಬೇಕು. ಅದು ಗೊನೆ ಒಣಗಿದಾಗಲೇ ಆಗಬೇಕು, ಕೆಲಸದವರು ಸಿಕ್ಕಿದಾಗಲೇ ಆಗಬೇಕು. ತೋಟ ಬಿಟ್ಟು ಯಾರು ಬರುತ್ತಾರೆ?

ಆಮೇಲೆ ತೋಟದ ಕೆಲಸ ಮೊದಲು, ನಮ್ಮ ತಾರೀಕು ಆಮೇಲೆ ಎಂದು ಇಟ್ಟುಕೊಂಡೆ. ಈಗ ವಾಚನ ದಿನಕ್ಕೆ ಒಂದೇ ಒಂದು ದಿನ ಅಂತ ಇಲ್ಲ. ಜೂನ್ 8ಕ್ಕೇ ಶುರು ಮಾಡುತ್ತೇವೆ. ಅದು ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದ ದಿನ, 1915ರಲ್ಲಿ. ಶಾಲೆ ಆಗಷ್ಟೇ ತೆರೆದಿರುತ್ತದೆ, ಮಕ್ಕಳಿಗೆ ಇನ್ನೂ ಪಾಠದ ಭಾರ ಇಲ್ಲ. ದಿನಾ ಸಂಜೆ ಅರ್ಧ ಗಂಟೆ ಜಗಲಿಯಲ್ಲಿ ಕೂತು ಜೋರಾಗಿ ಓದುವುದು, ಅಷ್ಟೇ. 19ಕ್ಕೆ ಪ್ರತಿ ಮಗು ತನಗೆ ಇಷ್ಟವಾದ ಒಂದು ಪುಟ ಓದಿ, ಅದೇ ಪುಸ್ತಕ ಮನೆಗೆ ಒಯ್ಯುತ್ತದೆ. ಹಾರ ಇಲ್ಲ, ಅತಿಥಿ ಇಲ್ಲ.

ಗೋವಿಂದ ಪೈಗಳ ಹುಟ್ಟಿದ ದಿನವನ್ನು ಇಷ್ಟು ಚೆನ್ನಾಗಿ ಮಾಡಲು ಇನ್ನೂ ಆಗಿಲ್ಲ. ಮಾರ್ಚ್ 23, ಪರೀಕ್ಷೆಯ ಕಾಲ. ಸೆಪ್ಟೆಂಬರ್ 14ರ ಗ್ರಂಥಾಲಯ ದಿನ ಸುಲಭ. ಅವತ್ತು ಕಪಾಟಿನಿಂದ ಪುಸ್ತಕ ಕೆಳಗಿಳಿಸಿ ಒರೆಸುತ್ತೇವೆ. ಮಳೆಗಾಲದಲ್ಲಿ ಹಿಡಿದ ಬೂಷ್ಟು ತೆಗೆಯಲು ಅದೇ ಸರಿಯಾದ ಹೊತ್ತು.

ನನಗೆ ಜಾಸ್ತಿ ಕಲಿಸಿದ್ದು ತುಳುವರ ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮಳೆ ಬಿಡುವುದಿಲ್ಲ, ಮದುವೆ ಇಲ್ಲ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಯಕ್ಷಗಾನ ಮೇಳಗಳೂ ಇಲ್ಲ. ಜನ ಮನೆಯಲ್ಲಿರುತ್ತಾರೆ, ಆದರೆ ಲೈಬ್ರರಿವರೆಗೆ ನೆನೆದುಕೊಂಡು ಬರುವುದಿಲ್ಲ. ಹಾಗಾದ್ರೆ ನಾವೇ ಹೋಗಬೇಕು ಅಲ್ವಾ?

ನಮ್ಮ ಬೈಲಿನಲ್ಲಿ ಒಂದು ಮನೆಯ ಜಗಲಿಯಲ್ಲಿ ಆರೇಳು ಹೆಂಗಸರು ಒಟ್ಟು ಕೂತು ಬೀಡಿ ಕಟ್ಟುತ್ತಾರೆ. ಕಣ್ಣೂರು ಕಡೆ ಬೀಡಿ ಕೆಲಸದವರಿಗೆ ಒಬ್ಬರು ಪತ್ರಿಕೆ, ಪುಸ್ತಕ ಓದಿ ಹೇಳುವ ರೂಢಿ ಇತ್ತು. ಅದನ್ನೇ ಇಲ್ಲಿ ಮಾಡಿದರೆ ಏನು ಅನಿಸಿತು. ಪುಸ್ತಕವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಹೋದೆ. ಮೊದಲ ದಿನ ಒಂದು ಗಂಭೀರ ಲೇಖನ ಓದಿದೆ. ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡು ಎಲ್ಲರೂ ಸುಮ್ನೆ ಕೇಳಿದರು. ಹಿರಿಯ ಅಕ್ಕ ಒಬ್ಬರು ಮೆಲ್ಲಗೆ ಹೇಳಿದರು, “ಅಣ್ಣಾ, ನಾಳೆ ಕತೆ ತನ್ನಿ. ಕೈ ನಿಲ್ಲಬಾರದು, ಕಿವಿಯೂ ಸೋಲಬಾರದು.” ಅಂದಿನಿಂದ ಕತೆ, ಕಾದಂಬರಿ ಮಾತ್ರ. ದಿನಕ್ಕೆ ಇಪ್ಪತ್ತು ನಿಮಿಷ. ಮೂರನೇ ವಾರ ಅವರಲ್ಲಿ ಇಬ್ಬರು ಸದಸ್ಯರಾದರು. ಒಬ್ಬರು ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟಿದ್ದೇ ಮೊದಲು.

ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆಯೂ ಆಟಿಗೆ ಹೇಳಿ ಮಾಡಿಸಿದ್ದು. ವೇಷ ಬೇಡ, ರಂಗಸ್ಥಳ ಬೇಡ, ಒಂದು ಚಾಪೆ ಸಾಕು. ಯಕ್ಷಗಾನ ಪ್ರಸಂಗ ಬರೆದ ಕವಿ, ಕುಂಬಳೆಯ ಪಾರ್ತಿಸುಬ್ಬನ ಸೀಮೆ ಇದು. ಅರ್ಥ ಹೇಳುವವರು, ಭಾಗವತರು ಊರಲ್ಲೇ ಸಿಗುತ್ತಾರೆ. ನಾನು ಮಾಡಿದ್ದು ಇಷ್ಟು: ಅವತ್ತಿನ ಪ್ರಸಂಗಕ್ಕೆ ಸಂಬಂಧಪಟ್ಟ ಪುಸ್ತಕಗಳನ್ನು ಬಾಗಿಲ ಬಳಿ ಮೇಜಿನ ಮೇಲೆ ಜೋಡಿಸಿಟ್ಟೆ. ಕರ್ಣನ ಮಾತು ಕೇಳಿ ಕಣ್ಣೊರೆಸಿಕೊಂಡವರು ಹೊರಡುವಾಗ ಅಲ್ಲಿ ನಿಲ್ಲದೆ ಹೋಗಲಿಲ್ಲ. ಆ ರಾತ್ರಿ ಹನ್ನೊಂದು ಪುಸ್ತಕ ಹೊರಗೆ ಹೋಯಿತು. ಚಹಾ, ಅವಲಕ್ಕಿ, ಭಾಗವತರ ಆಟೋ ಬಾಡಿಗೆ ಬಿಟ್ಟರೆ ಬೇರೆ ಖರ್ಚಿಲ್ಲ.

ಇನ್ನೊಂದು, ನನಗೆ ತುಂಬಾ ಪ್ರೀತಿಯದ್ದು. ಆಟಿಯ ಒಂದು ಶನಿವಾರ ಅಜ್ಜಿಯರನ್ನು ಕರೆಯುತ್ತೇವೆ. ಪತ್ರೊಡೆ, ಚಗಟೆ ಸೊಪ್ಪಿನ ಪಲ್ಯ, ಕಣಿಲೆ (ಎಳೆ ಬಿದಿರು), ಹಲಸಿನ ಬೀಜ, ಆಟಿ ಅಮಾವಾಸ್ಯೆಯ ಪಾಲೆ ಮರದ ತೊಗಟೆಯ ಕಷಾಯ, ಇದನ್ನೆಲ್ಲ ಅವರು ಹೇಳಬೇಕು, ಮಕ್ಕಳು ಬರೆಯಬೇಕು. ಅಜ್ಜಿಯರು ತುಳು, ಹವ್ಯಕ, ಮಲಯಾಳ, ಮರಾಠಿ ಯಾವುದರಲ್ಲಾದರೂ ಹೇಳಲಿ, ಬರೆಯುವುದು ಕನ್ನಡದಲ್ಲಿ. ಒಂದು ಸೊಪ್ಪಿಗೆ ನಾಲ್ಕು ಹೆಸರು ಸಿಗುತ್ತದೆ, ನಾಲ್ಕನ್ನೂ ಬರೆಸುತ್ತೇನೆ. ಮೊದಲ ವರ್ಷ ಅಳತೆ ಕೇಳಲು ಮರೆತಿದ್ದೆವು. “ಹಿಡಿ” ಅಂದರೆ ಯಾರ ಹಿಡಿ? ಈಗ ಹಿಡಿ ತುಂಬಾ ಅಕ್ಕಿ ತೆಗೆಸಿ, ಲೋಟಕ್ಕೆ ಹಾಕಿ ಅಳೆದು ಬರೆಯುತ್ತೇವೆ. ಪಾಲೆಯ ಕಷಾಯ ಮಾತ್ರ ಮರ ಗುರುತಿಸಲು ಗೊತ್ತಿರುವ ಹಿರಿಯರೇ ಮಾಡಬೇಕು ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದೇನೆ. ತಪ್ಪು ಮರದ ತೊಗಟೆ ಜೀವಕ್ಕೇ ಅಪಾಯ.

ಆ ನೋಟ್ ಪುಸ್ತಕಕ್ಕೆ ರಟ್ಟು ಹಾಕಿಸಿ, ಬೇರೆ ಪುಸ್ತಕಗಳ ಹಾಗೆಯೇ ದಾಖಲೆ ರಿಜಿಸ್ಟರಿನಲ್ಲಿ ನಂಬರು ಕೊಟ್ಟೆ. ಲೇಖಕರು ಎಂಬಲ್ಲಿ ಅಜ್ಜಿಯರ ಹೆಸರು, ಮಕ್ಕಳ ಹೆಸರು. ಈಗ ಮೂರು ನೋಟ್ ಆಗಿದೆ. ಎರಡನೆಯದು ಕಪಾಟಿನಲ್ಲಿ ಇರುವುದೇ ಕಡಿಮೆ, ಒಬ್ಬರು ತಂದ ಕೂಡಲೇ ಇನ್ನೊಬ್ಬರು ಒಯ್ಯುತ್ತಾರೆ. ಮೊದಲನೆಯದರ ಹಾಳೆ ಸಡಿಲಾಗಿದೆ. ಮಳೆ ಕಡಿಮೆಯಾಗಲಿ, ಪೇಟೆಗೆ ಹೋಗಿ ಬೈಂಡ್ ಮಾಡಿಸಿಕೊಂಡು ಬರಬೇಕು.