ಟ್ಯಾಸೆಲ್‌ಸೀಡ್ ಗಿಡದಲ್ಲಿ ಪರಾಗ ತೆಗೆದದ್ದು: ನನ್ನ ಅನುಭವ

ಮೆಕ್ಕೆಜೋಳದ ಟಿಎಸ್1 (ಟ್ಯಾಸೆಲ್‌ಸೀಡ್1) ಮ್ಯುಟೆಂಟ್, ಅಂದರೆ ಆ ಹೆಸರಿನ ಜೀನ್ ಕೆಟ್ಟ ಗಿಡ, ಉಳಿಸಿಕೊಂಡು ಬಂದವರಿಗೆ ಈ ತಲೆನೋವು ಗೊತ್ತೇ ಇದೆ. ಗಿಡದ ತುದಿಯ ಗಂಡು ಹೂಗೊಂಚಲಾದ ಸೂಲಂಗಿಯಲ್ಲಿ ಪರಾಗದ ಬದಲು ಹೆಣ್ಣು ಹೂವಿನ ರೇಷ್ಮೆ ಎಳೆ, ಆಮೇಲೆ ಕಾಳು. ಅದಕ್ಕೆ ಹೆಟೆರೊಜೈಗಸ್ (ಜೀನ್‌ನ ಒಂದು ಪ್ರತಿ ಸರಿ, ಇನ್ನೊಂದು ಕೆಟ್ಟ) ಗಿಡದ ಪರಾಗ ಹಾಕಿದರೆ ಮುಂದಿನ ಪೀಳಿಗೆಯಲ್ಲಿ ಅರ್ಧ ಮಾತ್ರ ಮ್ಯುಟೆಂಟ್. ಉಳಿದರ್ಧಕ್ಕೂ ಗೊಬ್ಬರ, ಕೂಲಿ ಸುರಿಯಬೇಕು. ಎಳೆ ಗಿಡದಲ್ಲೇ ಗುರುತಿಸಲು ಡಿಎನ್‌ಎ ಪರೀಕ್ಷೆ ಬೇರೆ. ಹಂಗಾಮಿನ ದುಡ್ಡಿನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತಿತ್ತು.

ಈ ಜೀನ್ ಕೆಟ್ಟರೆ ಸೂಲಂಗಿಯಲ್ಲಿ ಜಾಸ್ಮೋನಿಕ್ ಆಮ್ಲ ಅನ್ನುವ ಹಾರ್ಮೋನ್ ಸಾಕಷ್ಟು ತಯಾರಾಗುವುದಿಲ್ಲ, ಹೊರಗಿನಿಂದ ಕೊಟ್ಟರೆ ಕೇಸರ (ಪರಾಗ ಬಿಡುವ ಗಂಡಂಗ) ಮರಳುತ್ತದೆ ಅಂತ 2009ರಲ್ಲೇ ಗೊತ್ತಾಗಿತ್ತು. ಆದರೂ ‘ಹೊಲದಲ್ಲಿ ಅದೆಲ್ಲ ನಡೆಯಲ್ಲ’ ಅಂದವರೇ ಜಾಸ್ತಿ. ನಾನು ನಡೆಸಿ ತೋರಿಸಿದೆ.

ಮೊದಲು ಆ ಆಮ್ಲವನ್ನು ಎಲೆಗೆ ಸಿಂಪಡಿಸಿದೆ. ಅಷ್ಟು ದುಬಾರಿ ದ್ರಾವಣ ಸುಮ್ನೆ ನೆಲ ಸೇರಿತು. ಕರಗಿಸಲು ಆಲ್ಕೋಹಾಲ್ ಜಾಸ್ತಿ ಹಾಕಿದಾಗ ಸುಳಿ ಸುಟ್ಟು ಕಂದಾಯಿತು. ಸೂಲಂಗಿ ಇಣುಕಿದ ಮೇಲೆ ಕೊಟ್ಟದ್ದೂ ದಂಡ. ಹೂವಿನ ಹೆಣ್ಣಂಗ ಉಳಿಯಬೇಕೋ ಸಾಯಬೇಕೋ ಅನ್ನುವುದು ಅಷ್ಟರಲ್ಲಿ ತೀರ್ಮಾನ ಆಗಿಬಿಟ್ಟಿರುತ್ತದೆ, ಅಲ್ವಾ?

ಕೆಲಸ ಕೊಟ್ಟದ್ದು ಸುಳಿಯೊಳಗೇ ಹನಿಸಿದ್ದು. ಸುಮಾರು 1 ಮಿಲಿಮೋಲಾರ್ ಸಾಂದ್ರತೆಯ ದ್ರಾವಣ, ಗಿಡಕ್ಕೆ ಒಂದೆರಡು ಮಿ.ಲೀ., ದಿನ ಬಿಟ್ಟು ದಿನ. ಸಾಲಿಗೊಂದು ಗಿಡ ಸೀಳಿ ನೋಡುತ್ತಿದ್ದೆ. ಒಳಗಿನ ಸೂಲಂಗಿ ಒಂದು ಸೆಂ.ಮೀ. ದಾಟುವ ಮೊದಲೇ ಶುರು ಮಾಡಬೇಕು. ದ್ರಾವಣ ತಳಮುಟ್ಟ ಇಳಿಯಲು ನಾನು ಬೆರೆಸುವುದು ಒಂದಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೈಯಲ್ಲಿ ಜಿಬ್ಬರೆಲಿನ್ (ಗಿಡವನ್ನು ಎತ್ತರಕ್ಕೆ ಬೆಳೆಸುವ ಹಾರ್ಮೋನ್) ಇತ್ತು, ಅದನ್ನು ಪಕ್ಕದ ಸಾಲಿನ ಡಿ1 ಅನ್ನುವ ಇನ್ನೊಂದು ಮ್ಯುಟೆಂಟ್‌ನ ಕುಳ್ಳ ಗಿಡಗಳಿಗೆ ಹನಿಸಿದೆ. ತೆನೆಯಲ್ಲೇ ಕೇಸರ ಬಿಡುವ ಜಾತಿ ಅದು. ಸರಸರ ಎತ್ತರಕ್ಕೆ ಬೆಳೆದವು, ತೆನೆಯ ಕೇಸರವೂ ಕಮ್ಮಿಯಾಯಿತು. ಇದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಟಿಎಸ್1ನಲ್ಲಿ ಎಲ್ಲ ಹೂವೂ ಗಂಡಾಗಲಿಲ್ಲ. ಸೂಲಂಗಿಯ ನಡುಗಡ್ಡಿಯಲ್ಲಿ ಹಳದಿ ಕೇಸರ ಜೋತುಬಿದ್ದವು, ಬುಡದ ಕವಲುಗಳಲ್ಲಿ ಎಳೆಗಳೇ ಉಳಿದವು. ಬೆಳಿಗ್ಗೆ ಸೂಲಂಗಿಗೆ ಕಟ್ಟಿದ ಚೀಲ ತಟ್ಟಿದರೆ ಚಿಟಿಕೆಯಷ್ಟು ಪರಾಗ. ಅದನ್ನೇ ಅದೇ ಗಿಡದ ತೆನೆಗೆ ಹಾಕಿದೆ. ಒಳ್ಳೆಯ ತೆನೆಯಲ್ಲಿ ಅರವತ್ತೋ ಎಪ್ಪತ್ತೋ ಕಾಳು ಕಟ್ಟಿತು. ಮುಂದಿನ ಹಂಗಾಮಿನಲ್ಲಿ ಅವು ಅಷ್ಟೂ ಮ್ಯುಟೆಂಟ್! ಡಿಎನ್‌ಎ ಪರೀಕ್ಷೆ ನಿಲ್ಲಿಸಿದೆ, ಬಿತ್ತನೆ ಜಾಗವೂ ಅರ್ಧಕ್ಕೆ ಇಳಿಯಿತು. ಆಮ್ಲದ ಖರ್ಚು ಎರಡನೇ ಹಂಗಾಮಿನಲ್ಲೇ ಹುಟ್ಟಿತು.