ಚೇಂಬರಿನ ಕೆಳಗೊಂದು ತಗಡು: ನನ್ನ ಅನುಭವ

ಕಾರಿನ ಇಂಜಿನ್ನಿನ ತಳವನ್ನು ಕಲ್ಲಿನ ಪೆಟ್ಟಿನಿಂದ ಕಾಯುವ ತಗಡಿನ ಗಾರ್ಡನ್ನು ನಾನೇ ಮಾಡಿಕೊಂಡ ಕಥೆ ಇದು. ನಮ್ಮ ಮನೆ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಎರಡೂವರೆ ಕಿಲೋಮೀಟರ್ ಒಳಗಿದೆ. ತೋಟದ ರಸ್ತೆ. ಜೀಪು, ಪಿಕಪ್, ಗೊಬ್ಬರದ ಟ್ರ್ಯಾಕ್ಟರ್ ಓಡಾಡಿ ಚಕ್ರದ ಜಾಡು ಎರಡೂ ಬದಿಗೆ ತಗ್ಗಾಗಿ ನಡುವೆ ದಿಣ್ಣೆ ಉಳಿಯುತ್ತದೆ. ಮಳೆಗಾಲದಲ್ಲಿ ನೀರು ಆ ಜಾಡಿನಲ್ಲೇ ಹರಿಯುತ್ತದೆ. ದಿಣ್ಣೆಯ ಮಣ್ಣು ತೊಳೆದುಹೋಗಿ ಒಳಗಿದ್ದ ಕಲ್ಲು ತಲೆ ಎತ್ತುತ್ತದೆ. ಜೀಪಿಗೆ ಇದು ಲೆಕ್ಕಕ್ಕಿಲ್ಲ. ನನ್ನದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ನೆಲದಿಂದ 170 ಮಿಲಿಮೀಟರ್ ಎತ್ತರ ಎಂದು ಕೈಪಿಡಿ ಹೇಳುತ್ತದೆ, ಆದರೆ ಅದು ಖಾಲಿ ಕಾರಿನ ಲೆಕ್ಕ. ನಾಲ್ಕು ಜನ ಕುಳಿತು ಡಿಕ್ಕಿಗೆ ಒಂದು ಮೂಟೆ ಮೆಣಸು ಹಾಕಿಕೊಂಡ ಮೇಲೆ ಎಷ್ಟು ಉಳಿಯುತ್ತದೆ ಎಂದು ಒಮ್ಮೆ ಅಳತೆಪಟ್ಟಿ ಹಿಡಿದು ನೋಡಿದೆ: 135.

2019ರ ಆಗಸ್ಟ್ ಮಳೆ ಚಾರ್ಮಾಡಿ ಘಾಟಿಯನ್ನೇ ಕುಸಿದು ಮುಚ್ಚಿಸಿತ್ತು. ನಮ್ಮ ತೋಟದ ರಸ್ತೆಯನ್ನು ಕೇಳುವವರು ಯಾರು? ದೀಪಾವಳಿಯ ಹಿಂದಿನ ದಿನ ಅತ್ತೆಯನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವಾಗ ಸೇತುವೆಯ ಪಕ್ಕದ ಏರಿನಲ್ಲಿ ಕೆಳಗಿನಿಂದ ಒಂದು ಪೆಟ್ಟು ಬಿತ್ತು. ಇಳಿದು ಬಗ್ಗಿ ನೋಡಿದೆ. ಎಣ್ಣೆ ಸುರಿಯುತ್ತಿರಲಿಲ್ಲ. ಸರಿ, ಉಳಿದೆವು ಅಂದುಕೊಂಡು ಮುಂದೆ ಹೊರಟೆ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಇಂಜಿನ್ ಎಣ್ಣೆಯ ಒತ್ತಡ ಇಳಿದರೆ ಹತ್ತುವ, ಗಿಂಡಿಯ ಆಕಾರದ ಕೆಂಪು ದೀಪ ಒಮ್ಮೆ ಮಿನುಗಿತು, ಏರಿನಲ್ಲಿ ನಿಂತೇ ಉರಿಯಿತು. ಅಲ್ಲೇ ಇಂಜಿನ್ ಆರಿಸಿದೆ. ಮನೆ ಕಣ್ಣಿಗೆ ಕಾಣುತ್ತಿತ್ತು. ಹಾಗಿದ್ದೂ ಆರಿಸಿದೆ, ಆ ಒಂದು ಕೆಲಸದಿಂದಲೇ ಇಂಜಿನ್ ಉಳಿಯಿತು.

ಮಾರನೆಯ ದಿನ ಗ್ಯಾರೇಜಿನ ಗುಂಡಿಯ ಮೇಲೆ ಕಾರು ನಿಲ್ಲಿಸಿ ಮೇಸ್ತ್ರಿ ಚೇಂಬರ್ ಬಿಚ್ಚಿದರು. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಬಾನಿಯನ್ನು ನಮ್ಮ ಕಡೆ ಚೇಂಬರ್ ಎಂದೇ ಕರೆಯುತ್ತಾರೆ. ಒಳಗಿನ ಮೂರು ಲೀಟರ್ ಚಿಲ್ಲರೆ ಎಣ್ಣೆಯಲ್ಲಿ ಹನಿಯೂ ಸೋರಿರಲಿಲ್ಲ. ತಳ ಮಾತ್ರ ಒಳಕ್ಕೆ ತಗ್ಗಾಗಿತ್ತು, ಅಂಗೈ ಕೂರುವಷ್ಟು ಅಗಲ.

"ಇಲ್ಲಿ ನೋಡಿ ಗೌಡರೇ" ಎಂದು ಅವರು ಎಣ್ಣೆ ಹೀರುವ ಕೊಳವೆಯ ಬಾಯಿಯನ್ನು ತೋರಿಸಿದರು. ಅದರ ಜರಡಿಗೂ ಚೇಂಬರಿನ ತಳಕ್ಕೂ ನಡುವೆ ಇರುವುದೇ ಕೆಲವು ಮಿಲಿಮೀಟರ್ ಜಾಗ. ಪೆಟ್ಟು ಬಿದ್ದು ತಳ ಮೇಲೆದ್ದು ಜರಡಿಗೆ ಅಂಟಿಕೊಂಡಿತ್ತು. ಎಳನೀರಿನೊಳಗೆ ಸ್ಟ್ರಾ ಇಳಿಸಿ ತಳಕ್ಕೆ ಒತ್ತಿ ಹಿಡಿದರೆ ಎಷ್ಟು ಎಳೆದರೂ ಬಾಯಿಗೆ ನೀರು ಬರುವುದಿಲ್ಲವಲ್ಲ, ಹಾಗೆ. ಎಣ್ಣೆ ತುಂಬಿರುತ್ತದೆ, ಇಂಜಿನ್ ಒಣಗಿ ಸಾಯುತ್ತದೆ. ಸೋರಿಕೆ ಇಲ್ಲವೆಂದರೆ ಅಪಾಯವೂ ಇಲ್ಲ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಎಷ್ಟೋ ಜನ ಈಗಲೂ ನಂಬಿದ್ದಾರೆ, ಅದಕ್ಕೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಿಮೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಲ್ಲು ತಾಗಿ ಚೇಂಬರ್ ಜಖಂ ಆದರೆ ಅದು ಅಪಘಾತ. ದೀಪ ಉರಿದ ಮೇಲೂ ಓಡಿಸಿ ಇಂಜಿನ್ ಜಾಮ್ ಆದರೆ ಅದನ್ನು ಆನಂತರದ ಹಾನಿ ಎಂದು ಪರಿಗಣಿಸುತ್ತಾರೆ, ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಪರಿಹಾರವಿಲ್ಲ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಬೇರೆಯಾಗಿ ಕೊಂಡಿದ್ದರೂ ಅದರ ಷರತ್ತು ಏನು ಎಂದು ನೋಡಿಕೊಳ್ಳಬೇಕು.

ಮೊದಲು ಹಾಕಿಸಿದ್ದು ಪೇಟೆಯಲ್ಲಿ ಸಿಗುವ ಸಿದ್ಧ ಗಾರ್ಡ್. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವಂಥದ್ದು. ಎರಡು ಮಿಲಿಮೀಟರ್ ಕಬ್ಬಿಣದ ತಗಡು, ಮೇಲೆ ಕಪ್ಪು ಬಣ್ಣ, ನಾಲ್ಕು ಕ್ಲಾಂಪು. ಅರ್ಧ ಗಂಟೆಯಲ್ಲಿ ಕೂರಿಸಿ ಕಳಿಸಿದರು. ಐವತ್ತರ ವೇಗ ದಾಟಿದೊಡನೆ ಗುಂಯ್ ಎನ್ನುತ್ತಿತ್ತು. ಅದನ್ನು ಸಹಿಸಬಹುದಿತ್ತು. ಆದರೆ ಮೊದಲ ಪೆಟ್ಟಿಗೇ ತಗಡು ಮೇಲಕ್ಕೆ ಬಾಗಿ ಚೇಂಬರಿಗೆ ತಾಗಿ ನಿಂತಿತು. ಆ ಮೇಲೆ ಇಂಜಿನ್ ನಡುಗಿದಾಗಲೆಲ್ಲ ತಗಡಿಗೆ ಉಜ್ಜುತ್ತಿತ್ತು. ಹೊರಗಿನ ಕಲ್ಲಿನ ಬದಲಿಗೆ ಒಳಗೇ ಒಂದು ಕಲ್ಲನ್ನು ಕಟ್ಟಿಕೊಂಡಂತಾಯಿತು. ಬಿಚ್ಚಿಸಿ, ನಾನೇ ಒಂದನ್ನು ಮಾಡುತ್ತೇನೆ ಎಂದು ತೀರ್ಮಾನಿಸಿದೆ.

ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ನಡೆಯುವ ರ‍್ಯಾಲಿ ನೋಡಲು ಹೋದಾಗ ಸರ್ವಿಸಿಗೆ ನಿಲ್ಲಿಸಿದ ಕಾರುಗಳ ಕೆಳಗೆ ಬಗ್ಗಿ ನೋಡಿದ್ದೆ. ಅವುಗಳ ಗಾರ್ಡಿನಲ್ಲಿ ನನಗೆ ಎದ್ದು ಕಂಡದ್ದು ದಪ್ಪವಲ್ಲ, ನುಣುಪು. ಬೋಲ್ಟಿನ ತಲೆ ಒಂದೂ ಹೊರಗೆ ಚಾಚಿರಲಿಲ್ಲ. ಮುಂತುದಿ ದೋಣಿಯ ಮೂತಿಯಂತೆ ಮೇಲಕ್ಕೆ ಏರಿತ್ತು. ಗಾರ್ಡ್ ಹಾಕಿದರೆ ಕಾರು ಎತ್ತರವಾಗುವುದಿಲ್ಲ, ಬದಲಿಗೆ ಇರುವ ಎತ್ತರದಲ್ಲೇ ಒಂದೆರಡು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಅದರ ಕೆಲಸ ಕಲ್ಲನ್ನು ತಡೆಯುವುದಲ್ಲ, ಕಾರನ್ನು ಕಲ್ಲಿನ ಮೇಲೆ ಜಾರಿಸಿ ದಾಟಿಸುವುದು. ಇದು ಮನಸ್ಸಿಗೆ ಬಂದ ಮೇಲೆ ಉಳಿದ ತೀರ್ಮಾನಗಳು ಸುಲಭವಾದವು.

ಲೋಹದ ವಿಷಯದಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ನನಗೆ ಬೇಕಿದ್ದ ಅಳತೆ 620 ಕ್ಕೆ 680 ಮಿಲಿಮೀಟರ್. ಮೂರು ಮಿಲಿಮೀಟರ್ ಉಕ್ಕಿನಲ್ಲಿ ಅದು ಹತ್ತಿರ ಹತ್ತಿರ ಹತ್ತು ಕಿಲೋ ತೂಗುತ್ತದೆ, ಎರಡು ಮಿಲಿಮೀಟರಿನದಾದರೆ ಆರೂವರೆ. ನಾಲ್ಕು ಮಿಲಿಮೀಟರ್ ಅಲ್ಯೂಮಿನಿಯಂ ಆದರೆ ನಾಲ್ಕೂವರೆ ಕಿಲೋ. ದಪ್ಪ ಎರಡು ಪಟ್ಟಾದರೆ ತಗಡಿನ ಬಿಗುವು ಎಂಟು ಪಟ್ಟಾಗುತ್ತದೆ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ಬಿಗುವಿನದೇ ಆದರೂ, ನಾಲ್ಕು ಮಿಲಿಮೀಟರ್ ದಪ್ಪದಲ್ಲಿ ಅದು ಎರಡು ಮಿಲಿಮೀಟರ್ ಉಕ್ಕಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಿಗಿಯಾಗಿರುತ್ತದೆ, ತೂಕವೂ ಕಡಿಮೆ, ನಮ್ಮ ಮಳೆಗೆ ತುಕ್ಕೂ ಹಿಡಿಯುವುದಿಲ್ಲ. ಉಕ್ಕಿನ ಪರವಾಗಿ ಒಂದು ಮಾತು ಹೇಳಲೇಬೇಕು: ಕಲ್ಲಿನ ಮೇಲೆ ಅದು ಚೆನ್ನಾಗಿ ಜಾರುತ್ತದೆ, ಅಲ್ಯೂಮಿನಿಯಂ ಮೆದುವಾದ್ದರಿಂದ ಗೀರಿಸಿಕೊಳ್ಳುತ್ತದೆ. ವರ್ಷದ ಆರು ತಿಂಗಳು ಒದ್ದೆಯಲ್ಲೇ ಕಳೆಯುವ ಊರಿನವನಾಗಿ ನಾನು ಅಲ್ಯೂಮಿನಿಯಂ ಆರಿಸಿದೆ.

ಅದರಲ್ಲೂ ಒಮ್ಮೆ ಹಣ ಕಳೆದುಕೊಂಡೆ. ಗಟ್ಟಿ ಇರಲಿ ಎಂದು 6061 ದರ್ಜೆಯ, ಟಿ6 ಹದದ ತಗಡು ತಂದೆ. ಹಾಸನದ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಪ್ರೆಸ್ಸಿಗೆ ಕೊಟ್ಟು ಬಗ್ಗಿಸುತ್ತಿದ್ದಂತೆ ಮಡಿಕೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಬಿಟ್ಟಿತು. ಗಟ್ಟಿಯಾದದ್ದು ಚೂಪು ಮಡಿಕೆಗೆ ಒಗ್ಗುವುದಿಲ್ಲ. ಎರಡನೆಯ ಸಲ ಬೆಂಗಳೂರಿನ ಪೀಣ್ಯದಿಂದ 5052 ದರ್ಜೆಯ ತಗಡು ತರಿಸಿದೆ. ಅದು ಹೇಳಿದಂತೆ ಬಗ್ಗಿತು.

ಬಗ್ಗಿಸುವ ಮೊದಲು ರಟ್ಟಿನ ನಮೂನೆ. ಹಳೆಯ ಫ್ರಿಜ್ಜಿನ ಪೆಟ್ಟಿಗೆಯನ್ನು ಕತ್ತರಿಸಿ, ಗುಂಡಿಯೊಳಗೆ ಇಳಿದು, ಕಾರಿನ ತಳಕ್ಕೆ ಒತ್ತಿ ಒತ್ತಿ ಗುರುತು ಹಾಕಿದೆ. ದಯವಿಟ್ಟು ಬರೀ ಜಾಕಿನ ಮೇಲೆ ಕಾರು ನಿಲ್ಲಿಸಿ ಕೆಳಗೆ ನುಗ್ಗಬೇಡಿ. ಗುಂಡಿ ಇಲ್ಲದಿದ್ದರೆ ಭದ್ರವಾದ ಸ್ಟ್ಯಾಂಡ್ ಬೇಕೇ ಬೇಕು.

ಗಾರ್ಡನ್ನು ಎಲ್ಲಿಗೆ ಕಟ್ಟುವುದು? ಇಡೀ ಕೆಲಸದ ತಿರುಳು ಇದೇ. ಹಿಂದಿನ ತುದಿಯನ್ನು ಸಬ್‌ಫ್ರೇಮಿಗೆ ಕಟ್ಟಿದೆ. ಮುಂದಿನ ಸಸ್ಪೆನ್ಷನ್ ತೋಳುಗಳು ಕೂರುವ ದಪ್ಪ ಉಕ್ಕಿನ ಚೌಕಟ್ಟು ಅದು. ಅದರಲ್ಲಿ ಖಾಲಿ ತೂತುಗಳು ಇದ್ದವು. ಚೌಕಟ್ಟಿಗೆ ಹೊಸ ತೂತು ಕೊರೆಯಲಿಲ್ಲ, ಬೆಸುಗೆ ಹಾಕಲಿಲ್ಲ. ಎರಡು ತೂತಿಗೆ ಬೋಲ್ಟ್ ತಿರುಗಿಸುವ ಥ್ರೆಡ್ ಇರಲಿಲ್ಲವಾದ್ದರಿಂದ ನಟ್ಟಿಗೆ ಒಂದು ತಂತಿಯ ಬಾಲ ಬೆಸೆದು, ಚೌಕಟ್ಟಿನ ಬದಿಯ ಕಿಂಡಿಯಿಂದ ಒಳಗೆ ತೂರಿಸಿ, ತಂತಿ ಹಿಡಿದೇ ತೂತಿನ ಮೇಲೆ ಕೂರಿಸಿದೆ. ಬೋಲ್ಟುಗಳು ಎಂ10, ಅಂದರೆ ಹತ್ತು ಮಿಲಿಮೀಟರ್ ದಪ್ಪದವು, ತಲೆಯ ಮೇಲೆ ಬಲದ ದರ್ಜೆ 8.8 ಎಂದು ಅಚ್ಚೊತ್ತಿದವು. ಅಚ್ಚಿಲ್ಲದ ಬೋಲ್ಟನ್ನು ಈ ಜಾಗಕ್ಕೆ ಬಳಸಬೇಡಿ.

ಮುಂದಿನ ತುದಿ ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿಗೆ ಬರುತ್ತದೆ. ಆ ಪಟ್ಟಿ ತೆಳು, ಅದರ ನಡುಭಾಗಕ್ಕೆ ಪೆಟ್ಟು ಹೋದರೆ ನೇರ ರೇಡಿಯೇಟರಿಗೇ ತಗಲುತ್ತದೆ. ಕಲ್ಲು ಗಾರ್ಡನ್ನು ಮೇಲಕ್ಕೆ ಒತ್ತುವಾಗ ಭಾರ ಹೊರುವುದು ಬೋಲ್ಟ್ ಅಲ್ಲ, ಗಾರ್ಡ್ ಒರಗಿಕೊಳ್ಳುವ ಲೋಹ. ಆದ್ದರಿಂದ ಪಟ್ಟಿ ಎಡಬಲದಲ್ಲಿ ಚಾಸಿಗೆ ಸೇರುವ ಎರಡು ಮೂಲೆಗಳಲ್ಲಿ ಮಾತ್ರ ಒರಗುವಂತೆ ಮಾಡಿ, ನಡುವೆ ಬೆರಳು ತೂರುವಷ್ಟು ಬಿಟ್ಟೆ. ಅಲ್ಲಿ ಹಿಡಿದಿರುವುದು ಒಂದೂವರೆ ಮಿಲಿಮೀಟರ್ ದಪ್ಪದ, ಕಿವಿಯಂಥ ಎರಡು ತಗಡಿನ ತುಂಡುಗಳು, ಅವುಗಳ ತೂತು ಉದ್ದನೆಯದು. ಎದುರಿನಿಂದ ಡಿಕ್ಕಿಯಾದಾಗ ಕಾರಿನ ಮುಂಭಾಗ ಮುದುಡಿಕೊಂಡು ಒಳಗಿನವರನ್ನು ಕಾಯುವಂತೆ ಮಾಡಿರುತ್ತಾರೆ. ಆ ಮುದುಡುವಿಕೆಗೆ ನನ್ನ ತಗಡು ಅಡ್ಡಗಟ್ಟೆಯಾಗಬಾರದು, ಕಿವಿಗಳು ಮಡಚಿಕೊಳ್ಳಲಿ.

ಅಲ್ಯೂಮಿನಿಯಮ್ಮೂ ಉಕ್ಕೂ ನೇರ ತಾಗಿಕೊಂಡು ಒದ್ದೆಯಾದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಲಾರಿಯ ಹಳೆಯ ಟ್ಯೂಬಿನಿಂದ ವಾಷರ್ ಕತ್ತರಿಸಿ ನಡುವೆ ಕೂರಿಸಿದೆ, ಗುಂಯ್ ಶಬ್ದವೂ ಅದರಿಂದಲೇ ನಿಂತಿತು. ರಬ್ಬರ್ ಮಾತ್ರ ಕ್ರಮೇಣ ಚಪ್ಪಟೆಯಾಗಿ ಬೋಲ್ಟ್ ಸಡಿಲವಾಗುತ್ತದೆ. ಬೋಲ್ಟಿನ ಸುತ್ತ ಒಂದು ಸಣ್ಣ ಉಕ್ಕಿನ ಬುಷ್, ಅಂದರೆ ಗಿಡ್ಡ ಕೊಳವೆ, ಹಾಕಿದರೆ ಬಿಗಿತವೆಲ್ಲ ಬುಷ್ ಮೇಲೆ ನಿಂತು ರಬ್ಬರ್ ಅಗತ್ಯವಿರುವಷ್ಟೇ ಅಮುಕುತ್ತದೆ.

ಇನ್ನು ನಡುವಿನ ಜಾಗ. ಇಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಕ್ಲಚ್ ಬಿಟ್ಟಾಗ ತೂಗುತ್ತದೆ. ನಿಂತ ಕಾರಿನಲ್ಲಿ ಅಳೆದ ಅಂತರ ಓಡುವ ಕಾರಿನಲ್ಲಿ ಇರುವುದಿಲ್ಲ. ಹೇಗೆ ಅಳೆಯುವುದು ಎಂದು ಯೋಚಿಸುತ್ತ ಅಡುಗೆಮನೆಗೆ ಹೋದರೆ ಚಪಾತಿಗೆ ಹಿಟ್ಟು ಕಲಸಿಟ್ಟಿತ್ತು. ಮೂರು ಉಂಡೆ ಕೇಳಿದೆ.

"ಹಾಗೇ ಇಟ್ಟರೆ ಒಣಗಿ ಬಿರುಕು ಬಿಡುತ್ತದೆ ರೀ" ಎಂದಳು ಹೆಂಡತಿ. "ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ ಇಡಿ. ತೆಗೆದ ಮೇಲೆ ಆಕಾರ ಹಾಗೇ ನಿಲ್ಲುತ್ತದೆ."

ಅವಳು ಹೇಳಿದಂತೆಯೇ ಮಾಡಿದೆ. ಇಂಜಿನ್ ತಣ್ಣಗಿದ್ದಾಗ ಗಾರ್ಡಿನ ಮೇಲೆ ಚೇಂಬರಿನ ನೇರಕ್ಕೆ ಎರಡು, ಗೇರ್‌ಬಾಕ್ಸಿನ ನೇರಕ್ಕೆ ಒಂದು, ಹೀಗೆ ನಿಂಬೆಗಾತ್ರದ ಮೂರು ಉಂಡೆ ಇಟ್ಟು ಗಾರ್ಡನ್ನು ಬಿಗಿದೆ. ಅಂಗಳದಲ್ಲೇ ಒಮ್ಮೆ ಮುಂದಕ್ಕೆ, ಒಮ್ಮೆ ರಿವರ್ಸಿನಲ್ಲಿ ತುಸು ಜೋರಾಗಿ ಕ್ಲಚ್ ಬಿಟ್ಟು, ಗೇಟಿನ ದಿಣ್ಣೆ ಹತ್ತಿಸಿ ಇಳಿಸಿ, ಬಿಚ್ಚಿ ತೆಗೆದೆ. ಚಪ್ಪಟೆಯಾದ ಉಂಡೆಗಳನ್ನು ಚಾಕುವಿನಿಂದ ಸೀಳಿ ಸ್ಕೇಲ್ ಹಿಡಿದೆ. 22, 19, ಗೇರ್‌ಬಾಕ್ಸಿನ ಕಡೆ ಬರೀ 9. ರಿವರ್ಸ್ ಗೇರಿನಲ್ಲಿ ಆ ಬದಿ ಅಷ್ಟು ಕೆಳಗೆ ಇಳಿಯುತ್ತದೆ ಎಂದು ಕಣ್ಣಳತೆಯಲ್ಲಿ ಎಂದೂ ಗೊತ್ತಾಗುತ್ತಿರಲಿಲ್ಲ. ಆ ಬದಿಗೆ ಹತ್ತು ಮಿಲಿಮೀಟರಿನ ತುಂಡು ಕೊಟ್ಟು ಗಾರ್ಡನ್ನು ತಗ್ಗಿಸಿದೆ. ಹದಿನೈದಕ್ಕಿಂತ ಕಡಿಮೆ ಅಂತರ ಇರಬಾರದು ಎಂಬುದು ಅಂದಿನಿಂದ ನನ್ನ ಅಳತೆ.

ಮೊದಲ ಬಾರಿ ನಾನು ಗಾರ್ಡಿಗೆ ಒಂದೂ ಕಿಂಡಿ ಇಟ್ಟಿರಲಿಲ್ಲ. ಘಾಟಿ ಹತ್ತುವಾಗ ಫ್ಯಾನ್ ಬಿಡದೆ ತಿರುಗಿತು. ರೇಡಿಯೇಟರ್ ಮೂಲಕ ಒಳಬಂದ ಗಾಳಿ ಕೆಳಗಿನಿಂದಲೂ ಹೊರಹೋಗಬೇಕು. ಕೆಳಮುಖದ ಸೀಳುಗಳನ್ನು ಹಿಂದಕ್ಕೆ ತೆರೆದುಕೊಳ್ಳುವಂತೆ ಮಾಡಿಸಿದ ಮೇಲೆ ಫ್ಯಾನಿನ ಸದ್ದು ಮೊದಲಿನಂತಾಯಿತು. ಎಣ್ಣೆ ಬದಲಿಸುವ ಬೋಲ್ಟಿನ ನೇರಕ್ಕೆ ಬೇರೆ ಕಿಂಡಿ ಇದೆ, ಆದರೂ ನಾನು ಪ್ರತಿ ಸಲ ಗಾರ್ಡ್ ಪೂರ್ತಿ ಬಿಚ್ಚಿಸುತ್ತೇನೆ. ಗಾರ್ಡ್ ಸೋರಿಕೆಯನ್ನು ಮರೆಮಾಡುತ್ತದೆ. ನೆಲದ ಮೇಲೆ ಕಾಣಬೇಕಾದ ಎಣ್ಣೆಯ ಕಲೆ ತಗಡಿನ ಮೇಲೇ ಉಳಿದುಬಿಡುತ್ತದೆ. ಜೊತೆಗೆ ಎಲೆ. ಮಾರ್ಚ್ ತಿಂಗಳಲ್ಲಿ ಸಿಲ್ವರ್ ಓಕ್ ಎಲೆ ಉದುರಿದಾಗ ಸಂದಿಯಲ್ಲಿ ಹೊಕ್ಕು ಒಣಗಿ ಕೂರುತ್ತದೆ. ಹೊಗೆ ಕೊಳವೆಯೂ ಅದರಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಮುನ್ನೂರು ಡಿಗ್ರಿ ದಾಟಿ ಕಾಯುತ್ತವೆ. ಒಣ ಎಲೆಗೆ ಅಷ್ಟು ಸಾಕು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ, ಕಡ್ಡಿಯಿಂದ ಎಳೆದು ತೆಗೆಯುತ್ತೇನೆ.

ಹಿಂದಿನ ಅಂಚನ್ನು ಮೊದಲು ನೇರ ಕತ್ತರಿಸಿ ಬಿಟ್ಟಿದ್ದೆ. ರಿವರ್ಸ್ ಬರುವಾಗ ಅದು ಗುದ್ದಲಿಯಂತೆ ದಿಣ್ಣೆಯ ಮಣ್ಣನ್ನು ಕೆರೆದು ಒಳಗೆ ತುಂಬಿಕೊಂಡಿತು. ಮುಂತುದಿಯಂತೆ ಹಿಂದಿನದನ್ನೂ ಮೇಲಕ್ಕೆ ಮಡಚಿಸಬೇಕು. ಹಾಳಾದ ಮೊದಲ ತಗಡನ್ನು ಬಿಟ್ಟರೆ ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು.

ಕಳೆದ ತಿಂಗಳು ಎಣ್ಣೆ ಬದಲಿಸಲು ಬಿಚ್ಚಿದಾಗ ತಗಡನ್ನು ತೊಳೆದು ಬಿಸಿಲಿಗೆ ಒರಗಿಸಿಟ್ಟೆ. ಮುಂದಿನಿಂದ ಹಿಂದಕ್ಕೆ ಉದ್ದುದ್ದ ಗೀರುಗಳು, ಒಂದೂ ನಡುವೆ ನಿಂತಿಲ್ಲ. ಕಲ್ಲುಗಳೆಲ್ಲ ಜಾರಿ ಹೋಗಿವೆ. ಎಡಬದಿಯಲ್ಲಿ ಮಾತ್ರ ತಟ್ಟೆಯಗಲದ ಒಂದು ತಗ್ಗು. ಮತ್ತೆ ಹಿಟ್ಟಿನ ಉಂಡೆ ಇಟ್ಟು ನೋಡಿದೆ, ಅಲ್ಲಿ 11 ಬಂತು. ಮುಂದಿನ ವಾರ ಹಾಸನಕ್ಕೆ ಹೋಗುವುದಿದೆ. ಅದನ್ನು ಬಡಿದು ನೇರ ಮಾಡಿಸಿ, ಒಳಮೈಗೆ ಉದ್ದಕ್ಕೆ ಎರಡು ಪಟ್ಟಿ ಸೇರಿಸಿಕೊಂಡು ಬರಬೇಕು.